ಬೂಟಿಲ್ಲದ ಫುಟ್‌ಬಾಲ್, ಬೆಂಗಳೂರು ಮುಸ್ಲಿಮ್ಸ್ ಮತ್ತು ಮರವಡೆಯ ಹುಡುಗರು

ಕಳೆದ ಫೆಬ್ರವರಿಯಲ್ಲಿ ಪಂಪ್‌ಸೆಟ್ ರಿಪೇರಿಗೆಂದು ಮರವಡೆಗೆ ಹೋಗಿದ್ದೆ. ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆ ತಾಲೂಕಿನ ಊರು ಅದು. ಮಹಾರಾಷ್ಟ್ರವಾದರೂ ಕನ್ನಡ ನಡೆಯುತ್ತದೆ. ಅಕ್ಕಲಕೋಟೆಯ ಕಡೆ ಹೋದರೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಉಳ್ಳಾಲದ ನನ್ನ ಕನ್ನಡ ಕೇಳಿ ಅವರು ನಗುತ್ತಾರೆ, ಅವರದ್ದು ಕೇಳಿ ನಾನೂ ನಗುತ್ತೇನೆ. ಕೆಲಸ ಸಾಗಿಬಿಡುತ್ತದೆ.

ಜೋಳದ ಕೊಯ್ಲು ಮುಗಿದಿತ್ತು. ಹೊಲದಲ್ಲಿ ಕಾಲಿಟ್ಟರೆ ಕೂಳೆ ಚುಚ್ಚುತ್ತದೆ, ಹಾಗಾಗಿ ಹುಡುಗರು ಹೊಲದ ಬದಿಯ ಗಟ್ಟಿ ಜಾಗದಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಎಲ್ಲರದ್ದೂ ಬರಿಗಾಲು. ಮೋಟಾರು ತಣ್ಣಗಾಗುವವರೆಗೆ ನಾನೂ ಹೋಗಿ ನಿಂತೆ. ಒಬ್ಬ ಹುಡುಗ ಹೆಬ್ಬೆರಳ ಬದಿಯಿಂದ ಚೆಂಡನ್ನು ಎಳೆದು ಇಬ್ಬರನ್ನು ದಾಟಿಸಿಕೊಂಡು ಹೋದ ರೀತಿ ನೋಡಿ, ಯಾವ ಟೀಮಿಗೆ ಆಡ್ತೀ ಎಂದು ಕೇಳಿದೆ. "ಟೀಮ್ ಎಲ್ಲೀದು ಅಣ್ಣಾ, ಪಂದ್ಯಕ್ಕ ಹೋಗಿದ್ವಿ, ಬೂಟ್ ಇಲ್ಲಾಂದ್ರ ಆಡ್ಸಂಗಿಲ್ಲ ಅಂತ ವಾಪಸ್ ಕಳಿಸಿದ್ರು" ಎಂದ. ಅವರ ನಡುವೆ ಬೂಟಿದ್ದದ್ದು ನಾಲ್ವರಿಗೆ ಮಾತ್ರ. ಯಾವ ಪಂದ್ಯ, ಯಾರು ನಡೆಸಿದರು ಎಂಬುದು ಇಲ್ಲಿ ಬೇಡ. ನಿಯಮದ ಪ್ರಕಾರ ಅವರು ಮಾಡಿದ್ದರಲ್ಲಿ ತಪ್ಪೂ ಇಲ್ಲ.

ರಾತ್ರಿ ಫೋನಿನಲ್ಲಿ ತಂದೆಗೆ ಇದನ್ನು ಹೇಳಿದೆ. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚಪ್ಪಲಿ ಅಂಗಡಿ ನಡೆಸಿದವರು. ಬೂಟಿನ ಮಾತು ಬಂದರೆ ಕಿವಿ ನೆಟ್ಟಗಾಗುತ್ತದೆ. "ಮೋನು, ಬೂಟಿಲ್ಲದೆ ಒಲಿಂಪಿಕ್ಸ್‌ಗೇ ಹೋಗಿದ್ದಾರೆ ನಮ್ಮವರು. ಅಹ್ಮದ್ ಖಾನ್ ಗೊತ್ತುಂಟಲ್ಲ, ಬೆಂಗಳೂರಿನವ? ಆ ಮಕ್ಕಳಿಗೆ ಅದನ್ನಾದರೂ ಹೇಳಿದೆಯಾ?" ಎಂದರು. ಅಹ್ಮದ್ ಖಾನ್ ಹೆಸರು ಕೇಳಿದ್ದೆ, ಅಷ್ಟೇ. ನಮ್ಮ ಅಜ್ಜ ಸ್ವಲ್ಪ ಕಾಲ ಬೆಂಗಳೂರಿನ ದಂಡು ಪ್ರದೇಶದಲ್ಲಿ ಅಂಗಡಿ ಕೆಲಸಕ್ಕಿದ್ದವರು. ತಂದೆಗೆ ಈ ಕಥೆಗಳೆಲ್ಲ ಅಲ್ಲಿಂದ ಬಂದವು. ನನ್ನವರೆಗೆ ಬರುವಷ್ಟರಲ್ಲಿ ಹೆಸರು ಮಾತ್ರ ಉಳಿದಿತ್ತು. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ಮರವಡೆಯ ಹುಡುಗರೂ ನಮ್ಮ ಮನೆಯ ಮಕ್ಕಳೂ ಒಟ್ಟಿಗೆ ಮನಸ್ಸಿನಲ್ಲಿದ್ದಾರೆ.

ಫುಟ್‌ಬಾಲಿನ ನಿಯಮಗಳನ್ನು ಮೊದಲು ಬರೆದದ್ದು ಲಂಡನ್ನಿನಲ್ಲಿ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ, 1859ರ ಮೇ 17ರಂದು, ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಂದು ಹೋಟೆಲಿನಲ್ಲಿ ಕುಳಿತು ಕೆಲವರು ಹತ್ತು ನಿಯಮಗಳನ್ನು ಬರೆದಿದ್ದರು. ಅವರಲ್ಲಿ ಮುಖ್ಯನಾದವನು ಟಾಮ್ ವಿಲ್ಸ್. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದಿ ಬಂದ ಕ್ರಿಕೆಟಿಗ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಸಡಿಲವಾಗಬಾರದು, ಅದಕ್ಕೊಂದು ಆಟ ಬೇಕು ಎಂದು 1858ರಲ್ಲಿ ಪತ್ರಿಕೆಗೆ ಬರೆದವನೂ ಅವನೇ. ತಾನು ಕಲಿತ ರಗ್ಬಿಯನ್ನೇ ಅಲ್ಲಿಯೂ ಆಡಿಸಬಹುದಿತ್ತು. ಆದರೆ ಆ ಹತ್ತು ನಿಯಮಗಳಲ್ಲಿ ಎದುರಾಳಿಯ ಮೊಣಕಾಲಿನ ಕೆಳಗೆ ಬೂಟಿನಿಂದ ಒದೆಯುವುದನ್ನು ನಿಷೇಧಿಸಿದರು. ರಗ್ಬಿ ಶಾಲೆಯ ಹುಡುಗರಿಗೆ ಆ ಒದೆತ ಗಂಡಸುತನದ ಲಕ್ಷಣವಾಗಿತ್ತು. ಮೆಲ್ಬರ್ನ್‌ನವರು ಮರುದಿನ ಕೆಲಸಕ್ಕೆ ಹೋಗಬೇಕಾದ ಜನ. ಇಂದು ಆಸ್ಟ್ರೇಲಿಯನ್ ಫುಟ್‌ಬಾಲ್ ಎಂದು ಕರೆಯುವ, ಅಂಡಾಕಾರದ ಚೆಂಡಿನ ಆ ದೇಶದ ಸ್ವಂತ ಆಟ ಶುರುವಾದದ್ದು ಹೀಗೆ. ಐರ್ಲೆಂಡಿನವರೂ 1884ರಲ್ಲಿ ಸಂಘ ಕಟ್ಟಿಕೊಂಡು, ಮರುವರ್ಷ ತಮ್ಮದೇ ಫುಟ್‌ಬಾಲಿಗೆ ನಿಯಮ ಬರೆದುಕೊಂಡರು.

ಲಂಡನ್ನಿನ ಸಭೆ ಶುರುವಾದದ್ದು 1863ರ ಅಕ್ಟೋಬರ್ 26ರಂದು, ಫ್ರೀಮೇಸನ್ಸ್ ಟ್ಯಾವೆರ್ನ್ ಎಂಬಲ್ಲಿ. ಅಲ್ಲಿಯೂ ಜಗಳ ಎದ್ದದ್ದು ಅದೇ ಒದೆತದ ಮೇಲೆ. ಒದೆಯಲು ಬಿಡದಿದ್ದರೆ ಆಟದ ಧೈರ್ಯವೇ ಹೋಯಿತು ಎಂದು ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಹೊರನಡೆದರು. ಉಳಿದವರು ಡಿಸೆಂಬರಿನಲ್ಲಿ ನಿಯಮಗಳನ್ನು ಪೂರೈಸಿದರು. ಅದರ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಬೂಟಿನ ಅಟ್ಟೆಗೂ ಹಿಮ್ಮಡಿಗೂ ಹೊರಚಾಚಿದ ಮೊಳೆ, ಕಬ್ಬಿಣದ ಪಟ್ಟಿ, ಗಟ್ಟಾಪರ್ಚಾ ಎಂಬ ಗಟ್ಟಿ ಅಂಟು, ಇವ್ಯಾವುದನ್ನೂ ಹಾಕಿಕೊಂಡು ಆಡಬಾರದು ಎಂದು ಅದರಲ್ಲಿದೆ. ಬೂಟು ಹೇಗಿರಬಾರದು ಎಂದು ಬರೆದರು, ಬೂಟು ಇರಲೇಬೇಕು ಎಂದು ಬರೆಯಲಿಲ್ಲ. ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ. ಆ ಚಳಿಯಲ್ಲಿ, ಆ ಕೆಸರಿನಲ್ಲಿ, ಆ ಮನೆತನದವರು ಬರಿಗಾಲಲ್ಲಿ ಮೈದಾನಕ್ಕಿಳಿಯುವುದನ್ನು ಯಾರು ಊಹಿಸುತ್ತಿದ್ದರು? ಅವರು ಬರೆಯದೆ ಬಿಟ್ಟ ಆ ಸಣ್ಣ ಕಿಂಡಿಯಲ್ಲೇ ನಮ್ಮ ದೇಶದ ಫುಟ್‌ಬಾಲ್ ಒಳಗೆ ಬಂತು.

ಬಂಗಾಳದಲ್ಲಿ ಹೇಳುವ ಕಥೆ ಇದು: 1877ರಲ್ಲಿ ಕಲ್ಕತ್ತಾದ ಮೈದಾನದಲ್ಲಿ ಇಂಗ್ಲಿಷರು ಆಡುವುದನ್ನು ನೋಡಲು ನಾಗೇಂದ್ರ ಪ್ರಸಾದ್ ಸರ್ಬಾಧಿಕಾರಿ ಎಂಬ ಶಾಲಾ ಹುಡುಗ ಗಾಡಿಯಿಂದಿಳಿದು ನಿಂತ. ಚೆಂಡು ಹೊರಗೆ ಉರುಳಿ ಬಂದಾಗ ವಾಪಸ್ ಒದ್ದ. ಆಮೇಲೆ ಹೇರ್ ಸ್ಕೂಲಿನ ಗೆಳೆಯರನ್ನು ಸೇರಿಸಿ ಆಟ ಶುರುಮಾಡಿದ. ದೊಡ್ಡವನಾದ ಮೇಲೆ ಒಂದಾದ ಮೇಲೊಂದು ಕ್ಲಬ್ ಕಟ್ಟಿದ. ಅವುಗಳಲ್ಲಿ ಸೋಭಾಬಜಾರ್ ಕ್ಲಬ್ 1892ರಲ್ಲಿ ಟ್ರೇಡ್ಸ್ ಕಪ್‌ನಲ್ಲಿ ಈಸ್ಟ್ ಸರ್ರೆ ರೆಜಿಮೆಂಟನ್ನು ಸೋಲಿಸಿ ಸುದ್ದಿಯಾಯಿತು. ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ, ಮೊಹಮ್ಮದನ್ ಸ್ಪೋರ್ಟಿಂಗ್ 1891ರಲ್ಲಿ. ಅಷ್ಟರಲ್ಲಿ ಬ್ರಿಟಿಷರು ದೊಡ್ಡ ಕಪ್‌ಗಳನ್ನು ಇಟ್ಟಿದ್ದರು. ಶಿಮ್ಲಾದಲ್ಲಿ 1888ರಿಂದ ಡ್ಯುರಾಂಡ್ ಕಪ್, ಬೊಂಬಾಯಿಯಲ್ಲಿ 1891ರಿಂದ ರೋವರ್ಸ್ ಕಪ್, ಕಲ್ಕತ್ತಾದಲ್ಲಿ 1893ರಿಂದ ಐಎಫ್‌ಎ ಶೀಲ್ಡ್. ಬಹಳ ವರ್ಷ ಇವುಗಳಲ್ಲಿ ಪಲ್ಟನ್‌ಗಳದ್ದೇ ಮೇಲುಗೈಯಾಗಿತ್ತು.

ಹೀಗೆ ಒಂದೇ ಮೈದಾನದಲ್ಲಿ ಎರಡು ಆಟ ನಡೆಯುತ್ತಿತ್ತು ಎನ್ನಬಹುದು. ಚೆಂಡು ಒಂದೇ, ಗೋಲು ಒಂದೇ, ರೆಫರಿಯ ಪುಸ್ತಕವೂ ಒಂದೇ. ಆದರೆ ಸೈನಿಕರು ಬೂಟು ಹಾಕಿ ಉದ್ದುದ್ದ ಒದ್ದು, ಹೆಗಲು ಕೊಟ್ಟು ಆಡುತ್ತಿದ್ದರು. ನಮ್ಮವರು ಬರಿಗಾಲಲ್ಲಿ, ಕೆಲವರು ಕಣಕಾಲಿಗೆ ಪಟ್ಟಿ ಸುತ್ತಿಕೊಂಡು, ಚೆಂಡನ್ನು ನೆಲಕ್ಕೆ ಅಂಟಿಸಿ ಗಿಡ್ಡ ಪಾಸುಗಳಲ್ಲಿ ಆಡುತ್ತಿದ್ದರು. ಪಂದ್ಯದ ಅವಧಿಯೂ ನಮ್ಮಲ್ಲಿ ಬೇರೆಯೇ. ಹೊರಗೆ 90 ನಿಮಿಷವಾದರೆ ಇಲ್ಲಿ 70 ನಿಮಿಷ, ಅರ್ಧಕ್ಕೆ 35. ಈ 70 ನಿಮಿಷದ ಪದ್ಧತಿ 1970ರ ದಶಕದವರೆಗೂ ನಮ್ಮ ದೇಶದ ಪಂದ್ಯಗಳಲ್ಲಿ ಉಳಿದಿತ್ತು. ನಮ್ಮ ಸೆಖೆಯಲ್ಲಿ ಓಡಿದವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಮೆಲ್ಬರ್ನ್‌ನವರಂತೆ ನಾವು ಕುಳಿತು ಹತ್ತು ನಿಯಮ ಬರೆಯಲಿಲ್ಲ. ಆದರೂ ಬರಿಗಾಲು, 70 ನಿಮಿಷ, ಗಿಡ್ಡ ಪಾಸು, ಈ ಮೂರು ಸೇರಿ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಒಂದು ಭಾರತೀಯ ಫುಟ್‌ಬಾಲ್ ಇತ್ತು ಎನ್ನುವುದು ನನ್ನ ಅಭಿಪ್ರಾಯ. ಯಾರೂ ಬರೆದಿಡಲಿಲ್ಲವಾದ್ದರಿಂದ ಅದು ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ.

ಬಡತನ ಒಂದೇ ಇದಕ್ಕೆ ಕಾರಣ ಅಲ್ಲ. ಡಿಪ್ಲೊಮಾದಲ್ಲಿ ಘರ್ಷಣೆಯ ಪಾಠ ಓದಿದ ಮೇಲೆ ನನಗೆ ಇದು ಅರ್ಥವಾದದ್ದು. ಒಣಗಿದ ಗಟ್ಟಿ ನೆಲದ ಮೇಲೆ ಅಂಗಾಲಿನ ಚರ್ಮ ಚೆನ್ನಾಗಿ ಹಿಡಿಯುತ್ತದೆ, ಬೆರಳುಗಳು ಅಗಲಿಸಿ ಊರುತ್ತವೆ. ಮೊಳೆಯಿರುವ ಬೂಟು ಆ ನೆಲದಲ್ಲಿ ಒಳಗೆ ಇಳಿಯುವುದಿಲ್ಲ, ಮೊಳೆಯ ತುದಿಯ ಮೇಲೆ ನಿಂತ ಹಾಗಾಗುತ್ತದೆ. ಅದೇ ಮಳೆ ಬಂದು ಮೇಲಿನ ಮಣ್ಣು ಲೋಳೆಯಾದರೆ ಲೆಕ್ಕ ತಿರುವುಮುರುವು. ಚರ್ಮಕ್ಕೆ ಹಿಡಿತವಿಲ್ಲ, ಮೊಳೆ ಮಾತ್ರ ಲೋಳೆಯನ್ನು ತೂರಿ ಕೆಳಗಿನ ಗಟ್ಟಿ ಪದರಕ್ಕೆ ಕಚ್ಚುತ್ತದೆ. ಅಂದಿನ ಚೆಂಡು ದಾರ ಬಿಗಿದ ಚರ್ಮದ್ದು. ಸುಮಾರು 400 ಗ್ರಾಂ ತೂಗುವ ಅದು ನೀರು ಕುಡಿದರೆ ಕಲ್ಲಿನಂತಾಗುತ್ತಿತ್ತು. ಮಂಗಳೂರಿನ ಮುರಕಲ್ಲು ಮಣ್ಣಿನ ಮೈದಾನದಲ್ಲಿ ಜೂನ್ ತಿಂಗಳು ಬರಿಗಾಲಲ್ಲಿ ಆಡಿದವರಿಗೆ ಇದು ಗೊತ್ತು. ನಾವು ಮೇ ತಿಂಗಳಲ್ಲಿ ಸೋಲಿಸಿದ ಟೀಮು ಜೂನ್‌ನಲ್ಲಿ ನಮ್ಮನ್ನು ಜಾರಿಸಿ ಜಾರಿಸಿ ಸೋಲಿಸುತ್ತಿತ್ತು.

ಕಲ್ಕತ್ತಾದ ಲೀಗ್ ನಡೆಯುವುದು ಮಳೆಗಾಲದಲ್ಲೇ. 1911ರ ಜುಲೈ 29ರಂದು ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಎಲ್ಲರೂ ಓದಿರುತ್ತೀರಿ. ಹನ್ನೊಂದರಲ್ಲಿ ಹತ್ತು ಜನ ಬರಿಗಾಲು, ಸುಧೀರ್ ಚಟರ್ಜಿ ಒಬ್ಬರ ಕಾಲಲ್ಲಿ ಬೂಟು. ಅಂಥ ಗೆಲುವು ಮತ್ತೆ ಮತ್ತೆ ಬರದಿರಲು ಮಳೆಯೂ ಒಂದು ಕಾರಣ. ಮೊಹಮ್ಮದನ್ ಸ್ಪೋರ್ಟಿಂಗ್‌ನವರು 1930ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ, ಒದ್ದೆ ನೆಲದಲ್ಲಿ ಬೂಟು ಹಾಕಿ ಆಡುವುದನ್ನು ರೂಢಿಮಾಡಿಕೊಂಡರು. ಕಲ್ಕತ್ತಾದ ಹುಡುಗರಷ್ಟೇ ಸಾಲದು ಎಂದು ದೇಶದ ಬೇರೆಬೇರೆ ಕಡೆಗಳಿಂದ ಆಟಗಾರರನ್ನು ಕರೆಸಿಕೊಂಡರು, ಬೆಂಗಳೂರಿನಿಂದಲೂ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಅವರದ್ದೇ. 1936ರಲ್ಲಿ ಶೀಲ್ಡ್ ಕೂಡ ಗೆದ್ದರು. ಆ ಕಾಲದಲ್ಲಿ ಇಡೀ ಭಾರತದಲ್ಲಿ ಅವರನ್ನು ಎದುರಿಸುವ ಭಾರತೀಯ ತಂಡ ಇಲ್ಲ ಎಂಬ ಮಾತಿತ್ತು.

ಒಂದು ತಂಡ ಇತ್ತು. ಅದರ ಹೆಸರು ಬೆಂಗಳೂರು ಮುಸ್ಲಿಮ್ಸ್.

ಬೆಂಗಳೂರು ಆಗ ಎರಡು ಊರು. ಪೇಟೆ ಮೈಸೂರು ಮಹಾರಾಜರದ್ದು, 1809ರಲ್ಲಿ ಕಟ್ಟಿದ ದಂಡು ಬ್ರಿಟಿಷರದ್ದು. ದಂಡಿನಲ್ಲಿ ಪಲ್ಟನ್, ಪಲ್ಟನ್ ಇದ್ದಲ್ಲಿ ಪರೇಡ್ ಮೈದಾನ, ಮೈದಾನ ಇದ್ದಲ್ಲಿ ಸಂಜೆ ಫುಟ್‌ಬಾಲ್. ಸೈನಿಕರಿಗೆ ಮಾಂಸ, ಹಾಲು, ಬಟ್ಟೆ ಒದಗಿಸುತ್ತಿದ್ದ ಮುಸ್ಲಿಮರು, ತಮಿಳರು, ಆಂಗ್ಲೋ ಇಂಡಿಯನ್ನರು ಸುತ್ತಲ ಗಲ್ಲಿಗಳಲ್ಲಿದ್ದರು. ಅವರ ಮಕ್ಕಳು ಗೆರೆಯ ಹೊರಗೆ ನಿಂತು ನೋಡಿ ಕಲಿತರು. ಆಸ್ಟಿನ್ ಟೌನ್, ಹಲಸೂರಿನ ಬಳಿಯ ಗೌತಮಪುರ, ಇವೆಲ್ಲ ಇಂದಿಗೂ ಫುಟ್‌ಬಾಲಿನ ಕೇರಿಗಳು. ಗೌತಮಪುರಕ್ಕೆ ಹೋದರೆ ಪೆಲೆಯ ಪ್ರತಿಮೆಯೇ ಸಿಗುತ್ತದೆ. ಹೀಗೆ ಗೆರೆಯ ಹೊರಗೆ ನಿಂತು ಕಲಿತವರ ಊರಿನಿಂದ ಬಂದ ತಂಡ ಅದು.

1937ರ ರೋವರ್ಸ್ ಕಪ್ ಫೈನಲಿನಲ್ಲಿ ಬೊಂಬಾಯಿಯಲ್ಲಿ ಎದುರು ನಿಂತದ್ದು ಅದೇ ಮೊಹಮ್ಮದನ್ ಸ್ಪೋರ್ಟಿಂಗ್. ಬೆಂಗಳೂರು ಮುಸ್ಲಿಮ್ಸ್ 1–0ಯಿಂದ ಗೆದ್ದರು. ಕಪ್ ಶುರುವಾಗಿ 46 ವರ್ಷಗಳ ಬಳಿಕ ಮೊದಲ ಬಾರಿಗೆ ಅದು ಪಲ್ಟನ್‌ಗಳ ಕೈಯಿಂದ ಒಂದು ಭಾರತೀಯ ತಂಡಕ್ಕೆ ಬಂತು. ಅದಕ್ಕೆ ಮೊದಲು 1923ರಲ್ಲಿ ಮೋಹನ್ ಬಗಾನ್ ಫೈನಲಿನವರೆಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಎದುರು 4–1ರಿಂದ ಸೋತಿತ್ತು. ಮರುವರ್ಷ, 1938ರಲ್ಲಿ, ಬೆಂಗಳೂರಿನವರು ಮತ್ತೆ ಫೈನಲಿಗೆ ಬಂದರು. ಈ ಸಲ ಎದುರಿಗೆ ಪಲ್ಟನ್ನೇ, ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್. 3–2ರಿಂದ ಗೆದ್ದರು. 1940ರಲ್ಲಿ ಮೂರನೆಯ ಫೈನಲ್. ಮೊಹಮ್ಮದನ್ ಸ್ಪೋರ್ಟಿಂಗ್ ಹಳೆಯ ಬಾಕಿಯನ್ನು 1–0ಯಿಂದಲೇ ತೀರಿಸಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ದೆಹಲಿಯಲ್ಲಿ ರಾಯಲ್ ವಾರಿಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದರು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಬಾರಿ ರೋವರ್ಸ್ ಗೆದ್ದರು. ಈ ಬಾರಿ ಸೋತದ್ದು ಮೋಹನ್ ಬಗಾನ್.

ಲೆಕ್ಕ ಹಾಕಿ ನೋಡಿ. ದೇಶದ ಮೂರು ದೊಡ್ಡ ಕಪ್‌ಗಳನ್ನು ಪಲ್ಟನ್‌ಗಳಿಂದ ಕಸಿದುಕೊಂಡ ಮೊದಲ ಭಾರತೀಯ ತಂಡಗಳು ಮೂರು. ಶೀಲ್ಡ್‌ಗೆ ಮೋಹನ್ ಬಗಾನ್, ರೋವರ್ಸ್‌ಗೆ ಬೆಂಗಳೂರು ಮುಸ್ಲಿಮ್ಸ್, ಡ್ಯುರಾಂಡ್‌ಗೆ ಮೊಹಮ್ಮದನ್ ಸ್ಪೋರ್ಟಿಂಗ್. ಮೊದಲನೆಯದರ ಮೇಲೆ ಪುಸ್ತಕಗಳು ಬಂದಿವೆ, ಸಿನಿಮಾ ಬಂದಿದೆ, ಜುಲೈ 29 ಬಂದರೆ ಕಲ್ಕತ್ತಾದಲ್ಲಿ ಹಬ್ಬ. ಮೂರನೆಯ ಕ್ಲಬ್ ಇಂದಿಗೂ ಆಡುತ್ತಿದೆ. ನಡುವಿನದ್ದು ನಮ್ಮ ರಾಜ್ಯದ್ದು, ನಮ್ಮ ಶಾಲಾ ಪುಸ್ತಕದಲ್ಲಿ ಒಂದು ಸಾಲೂ ನಾನು ಓದಿದ ನೆನಪಿಲ್ಲ. ಹೆಸರಿನಲ್ಲಿ 'ಮುಸ್ಲಿಮ್ಸ್' ಇರುವುದು ಕೆಲವರಿಗೆ ಈಗ ಕಸಿವಿಸಿ ತರಬಹುದು. ಆ ಕಾಲದಲ್ಲಿ ಆಟದ ತಂಡಗಳನ್ನು ಹಾಗೆ ಕರೆಯುವುದು ವಾಡಿಕೆ. ಬೊಂಬಾಯಿಯ ದೊಡ್ಡ ಕ್ರಿಕೆಟ್ ಪಂದ್ಯಾವಳಿಯಲ್ಲಿಯೇ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯುರೋಪಿಯನ್ನರು ಎಂದು ತಂಡಗಳಿದ್ದವು. ಅದು ಸರಿಯಲ್ಲವೆಂದು ಗಾಂಧೀಜಿಯೂ ಹೇಳಿದ್ದರು, ನನಗೂ ಅದು ಸರಿ ಎನಿಸುವುದಿಲ್ಲ. ಆದರೆ ಹೆಸರು ಇಷ್ಟವಾಗದ ಮಾತ್ರಕ್ಕೆ ಗೆದ್ದದ್ದನ್ನು ಮರೆಯಬೇಕಾಗಿಲ್ಲ. ಹೋಗಲಿ, ಸರಕಾರ ಮರೆತಿತು ಎನ್ನೋಣ. ನಾವು? ಮದುವೆ ಮನೆಯಲ್ಲಿ ಕುಳಿತು ಮೆಸ್ಸಿ, ರೊನಾಲ್ಡೊ ಎಂದು ಮಧ್ಯರಾತ್ರಿವರೆಗೆ ವಾದ ಮಾಡುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು? ನನಗೇ ಗೊತ್ತಿರಲಿಲ್ಲ.

1937 ಇನ್ನೊಂದು ಕಾರಣಕ್ಕೂ ಮುಖ್ಯ. ಆ ವರ್ಷದ ಜೂನ್ 23ರಂದು ಶಿಮ್ಲಾದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಹುಟ್ಟಿತು. ಅಲ್ಲಿಯವರೆಗೆ ಕಲ್ಕತ್ತಾದ್ದೇ ನಿಯಮ, ಕಲ್ಕತ್ತಾದ್ದೇ ಮಾತು. 1941ರಿಂದ ರಾಜ್ಯಗಳ ನಡುವೆ ಸಂತೋಷ್ ಟ್ರೋಫಿ ಶುರುವಾಯಿತು. ಮೈಸೂರು 1946–47, 1952–53, 1967–68, 1968–69 ಹೀಗೆ ನಾಲ್ಕು ಬಾರಿ ಅದನ್ನು ಗೆದ್ದಿತು. ಆಮೇಲೆ ಕರ್ನಾಟಕ ಗೆದ್ದದ್ದು 2023ರ ಮಾರ್ಚಿನಲ್ಲಿ, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ಎದುರು 3–2ರಿಂದ. ನಡುವೆ 54 ವರ್ಷ. ಆ ರಾತ್ರಿ ರಿಯಾದ್‌ನಲ್ಲಿ ಕೆಲಸಕ್ಕಿರುವ ನನ್ನ ಭಾವ ಫೋಟೋ ಕಳಿಸಿದ್ದ, ಆಗಲೂ ನನಗೆ ಹಿಂದಿನ ಕಥೆ ಗೊತ್ತಿರಲಿಲ್ಲ.

ಇನ್ನು ತಂದೆ ಹೇಳಿದ ಅಹ್ಮದ್ ಖಾನ್. 1926ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಮನೆಮಂದಿಗೆಲ್ಲ ಫುಟ್‌ಬಾಲ್, ತಮ್ಮಂದಿರೂ ಆಡಿದವರೇ. ಬೆಂಗಳೂರು ಕ್ರೆಸೆಂಟ್‌ನಲ್ಲಿ ಶುರುಮಾಡಿ, ಬೆಂಗಳೂರು ಮುಸ್ಲಿಮ್ಸ್‌ಗೆ ಆಡಿ, 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಇವರು, ಈ ಐವರು ಮುನ್ನುಗ್ಗುವ ಸಾಲಿಗೆ ಜನ ಪಂಚಪಾಂಡವರು ಎಂದು ಹೆಸರಿಟ್ಟರು. ಚೆಂಡನ್ನು ಆಡಿಸುವ ರೀತಿಗೆ ಅಹ್ಮದ್ ಖಾನರನ್ನು ಹಾವಾಡಿಗ ಎನ್ನುತ್ತಿದ್ದರು. ಐವರಲ್ಲಿ ಇಬ್ಬರು ಮುಸ್ಲಿಮರು, ಎಲ್ಲರೂ ದಕ್ಷಿಣದವರು, ಆಡಿದ್ದು ಬಂಗಾಳದಲ್ಲಿ, ಹೆಸರು ಮಹಾಭಾರತದ್ದು. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಪಂದ್ಯ, ಫ್ರಾನ್ಸ್ ಎದುರು. ಮುಂದೆ ವೈದ್ಯರಾದ ತಲಿಮೆರೆನ್ ಆವೊ ಎಂಬ ನಾಗಾ ಆಟಗಾರ ನಾಯಕ. ಬೆಂಗಳೂರಿನಿಂದ ಅಹ್ಮದ್ ಖಾನ್, ಎಸ್. ರಾಮನ್, ಎಸ್.ಎ. ಬಷೀರ್ ಮೊದಲಾದವರು ತಂಡದಲ್ಲಿದ್ದರು. ಹನ್ನೊಂದರಲ್ಲಿ ಎಂಟು ಜನ ಬರಿಗಾಲು. ನಿಯಮ ಬರೆದವರದ್ದೇ ಊರಿನಲ್ಲಿ, ಬರೆದು 85 ವರ್ಷಗಳ ಬಳಿಕ, ಅವರು ಬರೆಯದೆ ಬಿಟ್ಟದ್ದು ಅವರ ಕಣ್ಣೆದುರು ಓಡಾಡಿತು. ಎರಡು ಪೆನಾಲ್ಟಿಗಳು ಗೋಲಾಗದೆ ಹೋದವು. ರಾಮನ್ ಒಂದು ಗೋಲು ಹೊಡೆದರು. ಕೊನೆಗೆ 1–2ರಿಂದ ಸೋಲು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಒಬ್ಬ ಬೆಂಗಳೂರಿನವನದ್ದು. ಯಾಕೆ ಬರಿಗಾಲು ಎಂದು ಪತ್ರಕರ್ತರು ಕೇಳಿದಾಗ ಆವೊ, ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂಬರ್ಥದಲ್ಲಿ ಉತ್ತರ ಕೊಟ್ಟರಂತೆ.

1950ರ ವಿಶ್ವಕಪ್‌ಗೆ ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಭಾರತ ಹೋಗಲಿಲ್ಲ ಎಂಬ ಕಥೆಯನ್ನು ವಾಟ್ಸಪ್‌ನಲ್ಲಿ ನೋಡಿರುತ್ತೀರಿ. ಆಗಿನ ನಾಯಕ ಸೈಲೆನ್ ಮನ್ನಾ ಅವರೇ ಅದು ಆಮೇಲೆ ಕಟ್ಟಿದ ಕಥೆ ಎಂದಿದ್ದಾರೆ. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ನಮ್ಮವರಿಗೆ ದೊಡ್ಡದಾಗಿ ಕಾಣಲಿಲ್ಲ, ಅಷ್ಟೇ.

ಬರಿಗಾಲಿಗೆ ಕೊನೆ ಬಂದದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ. ಯುಗೋಸ್ಲಾವಿಯಾ ಎದುರು 1–10. ಹತ್ತು ಗೋಲು ತಿಂದ ಆ ಪಂದ್ಯದಲ್ಲಿ ನಮ್ಮ ಪರವಾಗಿ ಬಂದ ಒಂದೇ ಗೋಲು ಅಹ್ಮದ್ ಖಾನರದ್ದು. ಫಿನ್‌ಲ್ಯಾಂಡಿನ ಚಳಿಯ ನೆಲದಲ್ಲಿ ಘರ್ಷಣೆಯ ಲೆಕ್ಕ ಪೂರ್ತಿ ನಮ್ಮ ವಿರುದ್ಧ. ಅದಾದ ಮೇಲೆ ಫೆಡರೇಶನ್ ಬೂಟು ಕಡ್ಡಾಯ ಮಾಡಿತು. ಮರವಡೆಯ ಹುಡುಗರನ್ನು ವಾಪಸ್ ಕಳಿಸಿದ ನಿಯಮದ ಬೇರು ಅಲ್ಲಿದೆ.

ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಬೂಟು ಹಾಕಿದವನ ಮೊಳೆ ಬರಿಗಾಲಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ನನ್ನ ಎಡಗಾಲಿನ ಕಿರುಬೆರಳು ಇಂದಿಗೂ ಹೇಳುತ್ತದೆ. ಬೂಟು ಬಂದ ಮೇಲೆ ಫಲವೂ ಸಿಕ್ಕಿತು. ಹೈದರಾಬಾದಿನ ಶಾಲಾ ಮೇಷ್ಟರು ಸೈಯದ್ ಅಬ್ದುಲ್ ರಹೀಂ ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಗೆದ್ದಿತು. ಅದೇ ರಹೀಂ ಸಾಹೇಬರು 1956ರ ಒಲಿಂಪಿಕ್ಸ್‌ಗೆ ಭಾರತ ತಂಡವನ್ನು ಕರೆದೊಯ್ದರು. ಆ ವರ್ಷ ಒಲಿಂಪಿಕ್ಸ್ ನಡೆದದ್ದು ಮೆಲ್ಬರ್ನ್‌ನಲ್ಲಿ. ಬೂಟು ಹಾಕಿದ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಭಾರತ ನಾಲ್ಕನೆಯ ಸ್ಥಾನಕ್ಕೆ ಬಂತು. ಅದೇ ಕೂಟದಲ್ಲಿ ಆಸ್ಟ್ರೇಲಿಯಾದವರು ಟಾಮ್ ವಿಲ್ಸ್ ಕಾಲದಿಂದ ಬಂದ ತಮ್ಮ ಸ್ವಂತ ಫುಟ್‌ಬಾಲನ್ನು ಜಗತ್ತಿಗೆ ತೋರಿಸಲೆಂದು ಪ್ರದರ್ಶನ ಪಂದ್ಯ ಆಡಿದರು. ನಮ್ಮಲ್ಲಿ ತೋರಿಸಲು ಹಾಗೆ ಬರೆದಿಟ್ಟದ್ದು ಏನೂ ಇರಲಿಲ್ಲ. ನಾಲ್ಕು ವರ್ಷ ಹಿಂದೆಯಷ್ಟೇ ಅದನ್ನು ಬಿಟ್ಟು ಬಂದಿದ್ದೆವು.

ಪೂರ್ತಿ ಬಿಟ್ಟೆವೇ ಎಂದರೆ ಅದೂ ಅಲ್ಲ. ಕಾಸರಗೋಡಿನಿಂದ ಮಲಪ್ಪುರಂವರೆಗೆ ಸೆವೆನ್ಸ್ ಇದೆ. ನಮ್ಮ ಉಳ್ಳಾಲದ ಕಡೆಯ ಹುಡುಗರೂ ಅದಕ್ಕೆ ಬಿದ್ದವರೇ. ತಂಡಕ್ಕೆ ಏಳು ಜನ, ಚಿಕ್ಕ ಮೈದಾನ, ಗೆರೆಯವರೆಗೂ ಒತ್ತಿ ನಿಂತ ಜನ. ನಾವು ಆಡಿದ ಸೆವೆನ್ಸ್‌ನಲ್ಲಿ ಆಫ್‌ಸೈಡ್ ಎಂಬುದೇ ಇರಲಿಲ್ಲ. ಫೆಡರೇಶನ್‌ನ ಪುಸ್ತಕದಲ್ಲಿ ಇಲ್ಲದ ಆಟ, ಆದರೂ ರಂಜಾನ್ ಕಳೆದ ಮೇಲೆ ಊರೂರಲ್ಲಿ ನಡೆಯುತ್ತದೆ. ಕೊಲ್ಹಾಪುರದಲ್ಲಿ ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡ ಕಟ್ಟಿಕೊಂಡಿವೆ, ಪೇಟೆ ಪೇಟೆಗೂ ಒಂದೊಂದು. ಸೊಲ್ಲಾಪುರದ ನನ್ನ ಸಹೋದ್ಯೋಗಿಗಳಲ್ಲಿ ಇಬ್ಬರು ಕೊಲ್ಹಾಪುರದವರು. ಪಂದ್ಯದ ದಿನ ರಜೆ ಕೇಳಲು ಅವರಿಗೆ ಯಾವ ಸಂಕೋಚವೂ ಇಲ್ಲ.

ರೋವರ್ಸ್ ಕಪ್ 2000ದ ಸುಮಾರಿಗೆ ನಿಂತುಹೋಯಿತು. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ತೊಂಬತ್ತು ತುಂಬಿದ ಮೇಲೆ ತೀರಿಕೊಂಡರು. ಹೋಗುವವರೆಗೂ ಬೆಂಗಳೂರಿನಲ್ಲೇ ಇದ್ದರು. ನಾನು ಡಿಪ್ಲೊಮಾ ಮುಗಿಸಿ ಅದೇ ಊರಿನಲ್ಲಿ ಕೆಲಸ ಹುಡುಕುತ್ತಾ ಎಂಟು ತಿಂಗಳು ಅಲೆದಿದ್ದೇನೆ. ಹೋಗಿ ಸಲಾಂ ಹೇಳಿ ಬರಬಹುದಿತ್ತು.

ಮಾರ್ಚಿನಲ್ಲಿ ಅದೇ ಪಂಪಿನ ಬೇರಿಂಗ್ ಬದಲಾಯಿಸಲು ಮತ್ತೆ ಮರವಡೆಗೆ ಹೋದೆ. ಹುಡುಗರಿಗೆ ಈ ಕಥೆ ಹೇಳಿದೆ. ಎಂಟು ಜನ ಬರಿಗಾಲು ಎಂದಾಗ ಅವರು ತಮ್ಮ ಟೀಮಿನಲ್ಲಿ ಎಣಿಸಿ, "ನಮ್ದು ಏಳ ಅದ" ಎಂದರು. ತಂದೆ ಅಂಗಡಿಯ ಹಳೆಯ ಸ್ಟಾಕಿನಲ್ಲಿ ಸ್ಟಡ್ ಇರುವ ಶೂ ಉಂಟು, ಅಳತೆ ಕಳಿಸು ಎಂದಿದ್ದರು. ನಂಬರ್ ಕೇಳಿದರೆ ಏಳರಲ್ಲಿ ಐವರಿಗೆ ತಮ್ಮ ಕಾಲಿನ ನಂಬರ್ ಗೊತ್ತಿಲ್ಲ. ಹಳೆಯ ಪೇಪರಿನ ಮೇಲೆ ಕಾಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ನನ್ನ ಸ್ಟೀಲ್ ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿದೆ. ತಂದೆ ಒಂದೊಂದನ್ನೂ ದೊಡ್ಡದು ಮಾಡಿ ನೋಡಿರಬೇಕು, ಅರ್ಧ ಗಂಟೆಯ ಮೇಲೆ ಫೋನ್ ಬಂತು. "ಉದ್ದ ನೋಡಿ ಕೊಟ್ಟರೆ ಆಗುವುದಿಲ್ಲ ಮೋನು. ಬರಿಗಾಲಲ್ಲಿ ಬೆಳೆದ ಕಾಲು, ಬೆರಳು ಎಲ್ಲ ಅಗಲ ಉಂಟು. ಎಲ್ಲರಿಗೂ ಒಂದು ನಂಬರ್ ದೊಡ್ಡದೇ ಕಳಿಸುತ್ತೇನೆ. ಮುಂದೆ ಹತ್ತಿ ತುಂಬಿಸಿಕೊಳ್ಳಲಿಕ್ಕೆ ಹೇಳು" ಎಂದರು.